ಬತ್ತಿದ ಹಳ್ಳದ ಆಚೆ



ಕಳೆದ ಬೇಸಿಗೆಯಲ್ಲಿ ನಮ್ಮ ಕನ್ನಡ ಕುಟುಂಬಗಳೆಲ್ಲ ಒಂದೇ ಬಸ್ಸಿನಲ್ಲಿ ಹೊಗೇನಕಲ್‌ಗೆ ಹೋಗಿ ಬಂದೆವು. ಹೊರಡುವಾಗ ಜಪಸರವನ್ನು ಕನ್ನಡದಲ್ಲಿ ಹೇಳೋಣವೆಂದರು ಹಿರಿಯರು. ನಮಗೆ ಬಾಯಿಗೆ ಬರುವುದು ತಮಿಳಿನಲ್ಲೇ ಎಂದರು ಮಕ್ಕಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಜಪಸರವನ್ನು ಯಾರೂ ಹೇಳಲಿಲ್ಲ.

ಹೊಳೆಯಲ್ಲಿ ನೀರು ಕಡಿಮೆಯಿತ್ತು. ಹರಿಗೋಲಿನಲ್ಲಿ ಕುಳಿತು ಕಮರಿಯೊಳಗೆ ಹೋದಾಗ ಎರಡೂ ಕಡೆ ಕಪ್ಪು ಬಂಡೆಗಳ ಗೋಡೆ, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಎಲ್ಲರೂ ಸುಮ್ಮನಾದೆವು. ಹುಟ್ಟು ಹಾಕುತ್ತಿದ್ದ ಅಣ್ಣ ಹಿರಿಯರೊಡನೆ ಕನ್ನಡದಲ್ಲಿಯೂ ಮಕ್ಕಳೊಡನೆ ತಮಿಳಿನಲ್ಲಿಯೂ ಮಾತಾಡುತ್ತಿದ್ದರು. ಹುಟ್ಟು ಮಾತ್ರ ಒಂದೇ.

ಆ ಮೌನದಲ್ಲಿ ನಮಗೆ ನೆನಪಾದವರು ಪ್ರವಾದಿ ಎಲೀಯ. ಅರಸುಗಳ ಮೊದಲ ಗ್ರಂಥದ 17ನೆಯ ಅಧ್ಯಾಯವನ್ನು ಓದಿ ನೋಡಿ. ನಾಡಿಗೆ ಬರಗಾಲ ಬಂದಾಗ ದೇವರು ಅವರನ್ನು ಜೋರ್ಡಾನಿನ ಆಚೆಯ ಕೆರೀತ್ ಹಳ್ಳಕ್ಕೆ ಕಳುಹಿಸಿದರು. ನಿರ್ಜನ ಜಾಗ. ಕುಡಿಯಲು ಹಳ್ಳದ ನೀರು. ಕಾಗೆಗಳು ತಂದುಕೊಟ್ಟದ್ದೇ ಊಟ. ಕೆಲವು ದಿನಗಳಲ್ಲಿ ಆ ಹಳ್ಳವೂ ಬತ್ತಿತು. ದೇವರೇ ತೋರಿಸಿದ ಹಳ್ಳ ಬತ್ತಬಹುದೇ? ಬತ್ತಿತು. ಆದರೆ ದೇವರು ಬತ್ತಲಿಲ್ಲ. ಸಿದೋನಿನ ಸರೆಪ್ತ ಊರಿಗೆ, ಪರನಾಡಿನ ಒಬ್ಬ ಬಡ ವಿಧವೆಯ ಮನೆಗೆ ಹೋಗು ಎಂದರು. ಆಕೆಯ ಬಳಿ ಇದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಆಕೆ ಅದನ್ನೇ ಹಂಚಿಕೊಂಡಳು. ಮಳೆ ಬರುವವರೆಗೂ ಆ ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ.

ನಜರೇತಿನ ಪ್ರಾರ್ಥನಾಮಂದಿರದಲ್ಲಿ ಪ್ರಭು ಯೇಸು ಇದೇ ವಿಧವೆಯನ್ನು ನೆನಪಿಸಿದಾಗ ಊರವರು ಸಿಟ್ಟಿಗೆದ್ದರೆಂದು ಸಂತ ಲೂಕರು ಬರೆದಿದ್ದಾರೆ. ದೇವರು ನಮ್ಮವರಿಗೆ ಮಾತ್ರ ಸೇರಿದವರು ಎಂದುಕೊಂಡವರಿಗೆ ಆ ಮಾತು ಕಹಿಯಾಯಿತು.

ನಮ್ಮ ಧರ್ಮಪುರಿ ಧರ್ಮಕ್ಷೇತ್ರ 1997ರಲ್ಲಿ ಸೇಲಂನಿಂದ ಬೇರೆಯಾಯಿತು. ಇಲ್ಲಿ ತಮಿಳು, ತೆಲುಗು, ಕನ್ನಡ ಆಡುವವರೆಲ್ಲ ಒಂದೇ ಪೀಠದ ಮುಂದೆ ಮೊಣಕಾಲೂರುತ್ತೇವೆ. ಕನ್ನಡ ಬಲಿಪೂಜೆಗೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ನಮಗೆಲ್ಲ ಗೊತ್ತು. ಹಳ್ಳ ಬತ್ತುತ್ತಿದೆ ಎಂಬ ನೋವು ಸುಳ್ಳಲ್ಲ. ಆದರೆ ಬತ್ತಿದ ಹಳ್ಳದ ದಡದಲ್ಲಿ ಮಕ್ಕಳನ್ನು ಬೈಯುತ್ತಾ ಕೂರಬೇಕೇ? ಅಥವಾ ನಮ್ಮ ಮಡಕೆಯಲ್ಲಿರುವ ಹಿಡಿ ಹಿಟ್ಟನ್ನು ಹಂಚಬೇಕೇ?

ಹೊಗೇನಕಲ್ ದಾಟಿದ ಕಾವೇರಿ ಸೇಲಂ ಜಿಲ್ಲೆಯ ಮೆಟ್ಟೂರು ಜಲಾಶಯ ಸೇರುತ್ತಾಳೆ. 1934ರಲ್ಲಿ ಅಣೆಕಟ್ಟು ಮುಗಿದಾಗ ಹಲವು ಊರುಗಳು ಮುಳುಗಿದವು. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿ ಬಳಿ ಹಳೆಯ ದೇವಾಲಯವೊಂದರ ಜೋಡಿ ಗೋಪುರಗಳು ಮೇಲೇಳುತ್ತವೆ. ಜಲಕಂಠೇಶ್ವರ ಗುಡಿಯ ನಂದಿಯೂ ಕಾಣುತ್ತದೆ. ಅಲ್ಲಿದ್ದವರು ಕಲ್ಲುಗಳನ್ನು ಬಿಟ್ಟು ಹೋಗಬೇಕಾಯಿತು. ವಿಶ್ವಾಸವನ್ನು ನೀರಿಗೆ ಬಿಟ್ಟು ಹೋಗಬೇಕೆಂದು ಯಾರೂ ಅವರಿಗೆ ಹೇಳಲಾರರು. ಅದು ಹೋದಲ್ಲಿಗೆ ಹೊತ್ತೊಯ್ಯುವ ಸೊತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಒಬ್ಬ ಅಜ್ಜಿ ಯಾರನ್ನೂ ಕೇಳದೆ ಜಪಸರ ತೆಗೆದರು. ನಮೋ ಮರಿಯೆಯ ಮೊದಲರ್ಧವನ್ನು ಕನ್ನಡದಲ್ಲಿ ಹೇಳಿ ನಿಲ್ಲಿಸಿದರು. ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಉಳಿದರ್ಧವನ್ನು ತಮಿಳಿನಲ್ಲಿ ಮುಗಿಸಿದಳು. ಐದನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ಕೆಲವು ಮಕ್ಕಳು ಅಜ್ಜಿಯ ಜೊತೆ ಕನ್ನಡದಲ್ಲೂ ಹೇಳತೊಡಗಿದ್ದರು. ಬೆಳಿಗ್ಗೆಯ ಜಗಳಕ್ಕೆ ನಾವೆಲ್ಲ ನಾಚಿದೆವು.

ಪ್ರಿಯರೇ, ಈ ವಾರ ಎರಡು ಕೆಲಸ ಮಾಡೋಣ. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂಡಿ ಒಂದು ರಹಸ್ಯವನ್ನಾದರೂ ಕನ್ನಡದಲ್ಲಿ ಹೇಳೋಣ. ಮಕ್ಕಳು ತಪ್ಪಿದರೆ ನಗದಿರೋಣ. ಜೊತೆಗೆ, ಪಕ್ಕದ ಬೀದಿಯ ಒಂದು ತಮಿಳು ಅಥವಾ ತೆಲುಗು ಕುಟುಂಬವನ್ನು ಕಂಡು, ಅವರ ಕಷ್ಟಸುಖ ಕೇಳಿ ಬರೋಣ.

ಎಲೀಯನನ್ನು ನಿರ್ಜನ ಕಮರಿಯಲ್ಲಿ ಸಲಹಿ, ಪರನಾಡಿನ ಮನೆಯಲ್ಲಿ ಉಣಿಸಿದ ತಂದೆ ದೇವರು ನಮ್ಮ ಮನೆಗಳ ಮಡಕೆಯೂ ಬರಿದಾಗದಂತೆ ಕಾಯಲಿ. ಆಮೆನ್.