ಅಪ್ಪನ ಕಾಲಂ

ಹೋದ ಅಕ್ಟೋಬರ್‌ನಲ್ಲಿ ಅಕ್ಕನ ಮಗಳಿಗೆ ಒಂದು ಸುಳ್ಳು ಹೇಳಿಕೊಟ್ಟೆ. ಅವಳಿಗೆ ಹದಿನೇಳು ವರ್ಷ. ಅವಳು ಹೇಳಲಿಲ್ಲ.

ಅಕ್ಕ ಇರೋದು ಟೆಕ್ಸಾಸ್‌ನಲ್ಲಿ. ಭಾವನಿಂದ ಡಿವೋರ್ಸ್ ಆಗಿ ಆರು ವರ್ಷ. 'ಮಾಜಿ ಭಾವ' ಅನ್ನೋ ಸಂಬಂಧ ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ನನಗೆ ಅವರು ಈಗಲೂ ಭಾವನೇ. ಮಗಳು ಕಾಲೇಜಿಗೆ ಅರ್ಜಿ ಹಾಕುವ ವರ್ಷ. ನನಗೆ ಬೆಳಗಿನ ಕಾಫಿ, ಅವರಿಗೆ ರಾತ್ರಿ ಊಟ ಮುಗಿದ ಹೊತ್ತು. ವಿಡಿಯೋ ಕಾಲ್‌ನಲ್ಲಿ ಮೂವರೂ ಕೂತು ಆರ್ಥಿಕ ನೆರವಿನ ಫಾರ್ಮ್ ತುಂಬುತ್ತಿದ್ದೆವು.

ಅಲ್ಲಿ ಮುಖ್ಯವಾಗಿ ಎರಡು ಫಾರ್ಮ್. ಸರ್ಕಾರದ್ದು ಫಾಫ್ಸಾ. ಅಪ್ಪ ಅಮ್ಮ ಬೇರೆಯಾಗಿದ್ದರೆ ಅದಕ್ಕೆ ಒಬ್ಬರ ಕಡೆಯ ಆದಾಯ ಸಾಕು. ಯಾರದು? ಮೊದಲು, ಮಗು ವರ್ಷದಲ್ಲಿ ಹೆಚ್ಚು ದಿನ ಯಾರ ಜೊತೆ ಇತ್ತೋ ಅವರದು. 2024-25ರ ಸಾಲಿನಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಮಗುವಿಗೆ ಯಾರು ಹೆಚ್ಚು ಖರ್ಚು ಮಾಡಿದರೋ ಅವರದು. 'ಸಾಕಿದವರು' ಅಂದರೆ ಯಾರು ಅನ್ನೋ ಪ್ರಶ್ನೆಗೆ ಉತ್ತರ ಅನ್ನ ಬಡಿಸಿದ ಮನೆಯಿಂದ ಬ್ಯಾಂಕ್ ಪಾಸ್‌ಬುಕ್ಕಿಗೆ ಹೋಯ್ತು.

ಇನ್ನೊಂದು ಸಿಎಸ್‌ಎಸ್ ಪ್ರೊಫೈಲ್. ಅನೇಕ ಖಾಸಗಿ ಕಾಲೇಜುಗಳು ತಮ್ಮ ಸ್ವಂತ ದುಡ್ಡಿನಿಂದ ನೆರವು ಕೊಡೋಕೆ ಇದನ್ನು ನೋಡುತ್ತವೆ. ಅವುಗಳಲ್ಲಿ ಹಲವಕ್ಕೆ ಇಬ್ಬರ ಲೆಕ್ಕವೂ ಬೇಕು. "ಅಪ್ಪ ಕೊಡಲ್ಲ" ಅಂದರೆ ನಡೆಯಲ್ಲ. ಅವರು ಕೇಳೋದು ಕೊಡುವ ಮನಸ್ಸನ್ನಲ್ಲ, ಕೊಡುವ ಶಕ್ತಿಯನ್ನು. ಹಿಂಸೆ ಇದ್ದರೆ, ಸಂಪರ್ಕವೇ ಇಲ್ಲದಿದ್ದರೆ ವಿನಾಯಿತಿ ಕೇಳಬಹುದು.

"ಸಂಪರ್ಕ ಇಲ್ಲ ಅಂತ ಬರಿ ಪುಟ್ಟಿ," ಅಂದೆ.

"ಯುಗಾದಿಗೆ ವಿಶ್ ಮಾಡ್ತಾರೆ ಮಾಮ. ಬರ್ತ್‌ಡೇಗೂ."

"ಅದೊಂದು ಸಂಪರ್ಕನಾ?"

"ನಾನು ರಿಪ್ಲೈ ಮಾಡ್ತೀನಲ್ಲ."

ಅಕ್ಕ ಎದ್ದು ಪಾತ್ರೆ ತೊಳೆಯೋಕೆ ಹೋದಳು.

ಅವತ್ತೆಲ್ಲ ಆಫೀಸಿನಲ್ಲಿ ಆ ನಿಯಮವನ್ನು ಬೈದುಕೊಂಡೆ. ಆಮೇಲೆ ಯೋಚಿಸಿದರೆ ನಿಯಮದಲ್ಲಿ ತಪ್ಪು ಕಾಣಲಿಲ್ಲ. ಕಾಲೇಜಿನ ಹತ್ತಿರ ಇರೋ ದುಡ್ಡು ಇಷ್ಟೇ. ದುಡ್ಡಿರುವ ಅಪ್ಪನನ್ನು ಲೆಕ್ಕದಿಂದ ಬಿಟ್ಟರೆ, ನಿಜಕ್ಕೂ ಅಪ್ಪ ಇಲ್ಲದ ಯಾವುದೋ ಮಗುವಿನ ಪಾಲು ಕಮ್ಮಿಯಾಗುತ್ತೆ. ಗಂಡಹೆಂಡತಿ ಸಂಬಂಧ ಕೋರ್ಟಿನಲ್ಲಿ ಮುಗಿಯಬಹುದು, ಅಪ್ಪನ ಜವಾಬ್ದಾರಿ ಅಲ್ಲಿ ಮುಗಿಯಬಾರದು. ಇಲ್ಲಿಯವರೆಗೂ ನಾನು ಕಾಲೇಜಿನ ಪರ.

ನನಗೆ ಒಪ್ಪಿಗೆಯಾಗದ್ದು ಬೇರೆ. ಅಕ್ಕ, ಭಾವ ಬೇರೆಯಾದಾಗ ಇಬ್ಬರಿಗೂ ವಕೀಲರಿದ್ದರು. ಎದುರುಬದುರು ಕೂತು ದುಡ್ಡಿನ ಮಾತಾಡುವ ಕಷ್ಟ ಇಬ್ಬರಿಗೂ ತಪ್ಪಿತ್ತು. ಆ ಕಷ್ಟ ಆರು ವರ್ಷ ಕಾದು ಮಗುವಿನ ಪಾಲಿಗೆ ಬಂತು. "ಅಪ್ಪಾ, ನಿಮ್ಮ ಆದಾಯ ಎಷ್ಟು ಅಂತ ಫಾರ್ಮ್ ತುಂಬ್ತೀರಾ?" ಅಂತ ಅವಳೇ ಕೇಳಬೇಕು. ಕೇಳಬೇಕು ಅಂತ ಫಾರ್ಮಿನಲ್ಲೇನೂ ಬರೆದಿರಲಿಲ್ಲ. ಹಾಗೆ ಬಿಟ್ಟಿದ್ದು ನಾವು. ಭಾವನ ನಂಬರ್ ನನ್ನ ಫೋನಿನಲ್ಲಿ ಇದ್ದೇ ಇತ್ತು. ಅಂದರೆ ಆ ಸುಳ್ಳು ಅವಳ ಫೀಸಿಗಾಗಿ ಅಲ್ಲ, ನನ್ನ ಮುಜುಗರ ಉಳಿಸೋಕೆ.

ರಾತ್ರಿ ಫೋನ್ ಮಾಡಿದೆ. ಹವಾಮಾನ, ಅಮ್ಮನ ಮಂಡಿನೋವು ಎಲ್ಲ ಆದಮೇಲೆ ವಿಷಯ ಹೇಳಿದೆ.

"ಅವಳೇ ಕೇಳಬಹುದಿತ್ತಲ್ಲೋ," ಅಂದರು.

"ಅವಳು ಕೇಳೋ ಹಾಗಾಗಬಾರದು ಭಾವ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೇ ದಿನಾಂಕ ಯಾವಾಗ ಅಂದರು. ತುಂಬಿಯೂ ತುಂಬಿದರು. ಅವರ ಅರ್ಜಿ ಬೇರೆ, ಲಾಗಿನ್ ಬೇರೆ; ಏನು ಬರೆದರು ಅಂತ ಅಕ್ಕನಿಗೂ ಮಗಳಿಗೂ ಕಾಣಲ್ಲ. ಫಾರ್ಮ್ ತುಂಬಿದ ಮಾತ್ರಕ್ಕೆ ಫೀಸು ಕೊಡ್ತಾರೆ ಅಂತಲೂ ಅಲ್ಲ. ಅದನ್ನು ಕೇಳೋಕೆ ಇನ್ನೊಂದು ಫೋನ್ ಬೇಕು. ಅದನ್ನೂ ನಾನೇ ಮಾಡಬೇಕು.