ಮಾಳಿಗೆಯ ಮೋಟುಗೋಡೆ

ಕಳೆದ ಚುನಾವಣೆಯ ಕಾಲದಲ್ಲಿ ನಮ್ಮ ಸಭೆಯ ಹಿರಿಯ ಸಹೋದರರೊಬ್ಬರು ಸಾಯಂಕಾಲದ ಪ್ರಾರ್ಥನೆ ತೀರಿದ ಮೇಲೆ ಹಿಂದುಳಿದು, ಬಹಳ ನೊಂದವರಾಗಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅವರಿಗೆ ಕಾಡಿನ ಅಂಚಿನಲ್ಲಿ ಸ್ವಲ್ಪ ಗದ್ದೆಯೂ ಗೆಣಸಿನ ಪಾತಿಗಳೂ ಉಂಟು; ಬೆಳೆಯ ರಕ್ಷಣೆಗೆಂದು ಸರಕಾರದ ಪರವಾನಗಿ ಪಡೆದ ಒಂದು ಒಂಟಿ ನಳಿಗೆಯ ಕೋವಿಯೂ ಉಂಟು. ಚುನಾವಣೆ ಬಂದಾಗ ಅದನ್ನು ಪೊಲೀಸು ಠಾಣೆಗೆ ಒಪ್ಪಿಸಿ ರಸೀತಿ ತೆಗೆದುಕೊಳ್ಳಬೇಕಾಗುತ್ತದೆ. ಆ ಸಾರಿ ಒಪ್ಪಿಸಿ ಬಂದ ಮೂರನೆಯ ರಾತ್ರಿಯೇ ಕಾಡುಹಂದಿಗಳು ನುಗ್ಗಿ ಪಾತಿಗಳನ್ನೆಲ್ಲಾ ಉತ್ತ ಹಾಗೆ ಕೆದರಿ ಹಾಕಿದ್ದವು. "ಉಪದೇಶಿಗಳೇ, ಎಲ್ಲಿಯೋ ಯಾವನೋ ಒಬ್ಬ ದುಷ್ಟನು ಗುಂಡು ಹೊಡೆಯುತ್ತಾನೆ. ಅದಕ್ಕೆ ನನ್ನ ಕೋವಿಯನ್ನು ಯಾಕೆ ಕೇಳುತ್ತಾರೆ? ನಾನು ಯಾರಿಗೆ ಏನು ಮಾಡಿದೆನು? ಅವನ ಪಾಪಕ್ಕೆ ನನಗೆ ದಂಡವೇ?" ಎಂದು ಅವರು ಕೇಳಿದರು.

ನಾವು ಆ ರಾತ್ರಿ ತಕ್ಕ ಉತ್ತರ ಕೊಡಲಾರದೆ ಹೋದೆವು. ಹೊಟ್ಟೆಯ ಅನ್ನ ಹೋದವನಿಗೆ ಥಟ್ಟನೆ ವಾಕ್ಯ ಹೇಳುವದು ಸುಲಭ. ಆದರೆ ಅದು ಉಪದೇಶವಲ್ಲ. ಆದರೂ ಅದೇ ಪ್ರಶ್ನೆಯನ್ನು ಒಂದು ದೇಶದವರೆಲ್ಲರೂ ಕಣ್ಣೀರಿನೊಡನೆ ವಿಚಾರಿಸಬೇಕಾಗಿ ಬಂದ ಸಂಗತಿಯು ನಮ್ಮ ನೆನಪಿಗೆ ಬಂತು. ಅದನ್ನು ಇಲ್ಲಿ ಬರೆಯುತ್ತೇವೆ.

ಸ್ಕಾಟ್ಲೆಂಡ್ ದೇಶದಲ್ಲಿ ಡನ್‌ಬ್ಲೇನ್ ಎಂಬ ಸಣ್ಣ ಪಟ್ಟಣವಿದೆ. ಅದು ಜಾನ್ ನಾಕ್ಸನ ನಾಡು, ನಮ್ಮ ಹಾಗೆಯೇ ಪ್ರೊಟೆಸ್ಟಂಟ್ ಸಭೆಯ ನಾಡು. ಆ ಊರಿನ ನಡುವೆ ಪುರಾತನವಾದ ದೊಡ್ಡ ದೇವಾಲಯವೊಂದು ನಿಂತಿದೆ. 1996ನೇ ಇಸವಿ ಮಾರ್ಚ್ 13ನೇ ತಾರೀಖಿನ ಬೆಳಿಗ್ಗೆ ಒಬ್ಬ ಮನುಷ್ಯನು ನಾಲ್ಕು ಪಿಸ್ತೂಲುಗಳನ್ನೂ 743 ತೋಟೆಗಳನ್ನೂ ತೆಗೆದುಕೊಂಡು ಅಲ್ಲಿಯ ಪ್ರಾಥಮಿಕ ಶಾಲೆಯೊಳಗೆ ಹೊಕ್ಕನು. ವ್ಯಾಯಾಮದ ಕೋಣೆಯಲ್ಲಿ ಐದಾರು ವರುಷದ ಮಕ್ಕಳು ಆಟಕ್ಕೆ ಕೂಡಿದ್ದರು. ಮೂರು ನಾಲ್ಕು ನಿಮಿಷಗಳೊಳಗೆ 16 ಮಂದಿ ಮಕ್ಕಳೂ ಅವರನ್ನು ಕಾಪಾಡಲು ನಿಂತ ಅವರ ಉಪಾಧ್ಯಾಯಿನಿಯೂ ಸತ್ತರು. ಇನ್ನೂ ಹಲವರು ಗಾಯಪಟ್ಟರು. ಬಳಿಕ ಆ ಮನುಷ್ಯನು ತನಗೆ ತಾನೇ ಹೊಡೆದುಕೊಂಡು ಸತ್ತನು. ಅವನ ಹೆಸರನ್ನು ನಾವು ಬರೆಯುವದಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೇನಂದರೆ, ಆ ಪಿಸ್ತೂಲುಗಳು ಕದ್ದವುಗಳಲ್ಲ. ಅವೆಲ್ಲವೂ ಪರವಾನಗಿ ಪಡೆದವುಗಳೇ. ಮತ್ತು ಕೊಂದವನು ತಾನೇ ಸತ್ತುಹೋದದ್ದರಿಂದ, ತಂದೆತಾಯಿಗಳಿಗೆ ಸೇಡು ತೀರಿಸಿಕೊಳ್ಳುವದಕ್ಕೆ ಯಾರೂ ಉಳಿದಿರಲಿಲ್ಲ. ನ್ಯಾಯಸ್ಥಾನದಲ್ಲಿ ನಿಲ್ಲಿಸುವದಕ್ಕಾಗಲಿ ಗಲ್ಲಿಗೆ ಹಾಕಬೇಕೆಂದು ಕೂಗುವದಕ್ಕಾಗಲಿ ಒಬ್ಬನೂ ಇರಲಿಲ್ಲ. ಇಂಥ ದುಃಖವು ಎಲ್ಲಿಗೆ ಹೋಗಬೇಕು? ನಮ್ಮ ಹಳ್ಳಿಗಳಲ್ಲಿ ಅದು ಕೊಂದವನ ಅಣ್ಣತಮ್ಮಂದಿರ ಮೇಲೆಯೋ ಅವನ ಕೇರಿಯ ಮೇಲೆಯೋ ಹೋಗುವದನ್ನು ನಾವು ಕಂಡಿದ್ದೇವೆ. ಅಲ್ಲಿಯಾದರೋ ಅದು ಬೇರೆ ದಾರಿ ಹಿಡಿಯಿತು. ಮಕ್ಕಳನ್ನು ಕಳಕೊಂಡವರೂ ಅವರ ಸ್ನೇಹಿತರೂ, ಇನ್ನು ಮೇಲೆ ಜನರ ಮನೆಗಳಲ್ಲಿ ಪಿಸ್ತೂಲುಗಳೇ ಇರಬಾರದು ಎಂಬ ಬಿನ್ನಹವನ್ನು ಎತ್ತಿದರು. ಆ ಚಳಿಗಾಲದ ಕೊನೆಯಲ್ಲಿ ಅಲ್ಲಿ ಅರಳಿರುವ ಹೂವು ಸ್ನೋಡ್ರಾಪ್ ಎಂಬ ಬಿಳಿಯ ಪುಟ್ಟ ಹೂವೊಂದೇ. ಅದರ ಹೆಸರನ್ನೇ ಬಿನ್ನಹಪತ್ರಕ್ಕೆ ಇಟ್ಟರು. ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೆ ಮಿಕ್ಕಿದ ಜನರು ಅದಕ್ಕೆ ಸಹಿ ಹಾಕಿದರು.

ಆಗ ನಮ್ಮ ಸಹೋದರರ ಪ್ರಶ್ನೆಯೇ ಆ ದೇಶದಲ್ಲಿ ಎದ್ದಿತು. ಗುರಿ ಹೊಡೆಯುವದನ್ನು ಕ್ರೀಡೆಯಾಗಿ ನಡಿಸುತ್ತಿದ್ದ ಸಾವಿರಾರು ಮಂದಿ ಸಜ್ಜನರು, ನಾವು ಯಾರನ್ನೂ ಕೊಲ್ಲಲಿಲ್ಲವಲ್ಲಾ ಎಂದರು. ರಾಣಿಯವರ ಪತಿಯು ಕೂಡ, ಒಬ್ಬನು ಕ್ರಿಕೆಟ್ ದಾಂಡಿನಿಂದ ಮಕ್ಕಳನ್ನು ಹೊಡೆದರೆ ದಾಂಡುಗಳನ್ನೆಲ್ಲಾ ನಿಷೇಧಿಸುವಿರೋ ಎಂಬ ಅರ್ಥದ ಮಾತನ್ನಾಡಿದರು. ಅದರಿಂದ ಬಹು ಜನರ ಮನಸ್ಸು ನೊಂದಿತು. ವಿಚಾರಣೆ ನಡಿಸಿದ ಕಲ್ಲೆನ್ ಎಂಬ ನ್ಯಾಯಾಧಿಪತಿಯು ಕೂಡ ಪೂರ್ಣ ನಿಷೇಧವನ್ನೇ ಮೊದಲು ಹೇಳಲಿಲ್ಲ. ಪಿಸ್ತೂಲಿನ ಮುಖ್ಯ ಭಾಗವನ್ನು ಕಳಚಿ ಬೇರೆ ಇಡುವಂಥ ಏರ್ಪಾಡನ್ನು ಸೂಚಿಸಿದನು. ಆದರೆ ಜನರ ಮನಸ್ಸು ನ್ಯಾಯಾಧಿಪತಿಯ ವರದಿಗಿಂತ ಮುಂದೆ ಹೋಗಿತ್ತು. 1997ರಲ್ಲಿ ಎರಡು ಕಾಯಿದೆಗಳಾದವು. ಮೊದಲನೆಯದು ದೊಡ್ಡ ಪಿಸ್ತೂಲುಗಳನ್ನೂ, ಅದೇ ವರುಷ ಬೇರೆ ಪಕ್ಷದ ಸರಕಾರ ಬಂದ ಮೇಲೆ ಎರಡನೆಯದು ಚಿಕ್ಕವುಗಳನ್ನೂ ನಿಷೇಧಿಸಿದವು. ಜನರು ಸುಮಾರು 1,62,000 ಪಿಸ್ತೂಲುಗಳನ್ನು ಒಪ್ಪಿಸಿದರು. ಸರಕಾರವು ಅವುಗಳಿಗೆ ಪರಿಹಾರದ ಹಣವನ್ನು ಕೊಟ್ಟಿತು. ಬೇಟೆಯ ಬಂದೂಕುಗಳು ಪರವಾನಗಿಯ ಕೆಳಗೆ ಉಳಿದವು.

ಈಗ ನ್ಯಾಯವನ್ನು ವಿಚಾರಿಸೋಣ. ನಮ್ಮಂಥ ಉಪದೇಶಿಗಳು ಇಂಥ ಕಾಲದಲ್ಲಿ ಹೇಳುವ ಮೊದಲನೆಯ ಮಾತು ಒಂದುಂಟು: ಪಾಪವು ಕೋವಿಯಲ್ಲಿ ಇಲ್ಲ, ಹೃದಯದಲ್ಲಿದೆ, ಕಾಯಿನನಿಗೆ ಕೋವಿ ಇರಲಿಲ್ಲ, ಆದರೂ ಅವನು ತಮ್ಮನನ್ನು ಕೊಂದನು. ಇದು ಸತ್ಯವೇ. ನಾವೇ ಇದನ್ನು ಎಷ್ಟೋ ಸಾರಿ ಪ್ರಸಂಗದಲ್ಲಿ ಹೇಳಿದ್ದೇವೆ. ಆದರೆ ಈಗ ನಮ್ಮನ್ನು ನಾವೇ ಪರೀಕ್ಷಿಸಿಕೊಂಡರೆ, ಆ ಸತ್ಯವನ್ನು ನಾವು ಕೆಲವು ಸಾರಿ ಕೆಲಸದಿಂದ ತಪ್ಪಿಸಿಕೊಳ್ಳುವದಕ್ಕಾಗಿ ಹೇಳಿದೆವೋ ಎಂದು ನಾಚಿಕೆಯಾಗುತ್ತದೆ. ಕಾಯಿನನು ಕೈಯಿಂದ ಕೊಂದನು, ಒಬ್ಬನನ್ನು ಕೊಂದನು. ಡನ್‌ಬ್ಲೇನಿನ ಮನುಷ್ಯನ ಹೃದಯವು ಕಾಯಿನನ ಹೃದಯಕ್ಕಿಂತ ಹದಿನೇಳು ಪಾಲು ಕೆಟ್ಟದ್ದಾಗಿತ್ತೆಂದು ಯಾರು ಹೇಳಬಲ್ಲರು? ಕೈಯಲ್ಲಿದ್ದದ್ದು ಬೇರೆಯಾಗಿತ್ತು. ಹೃದಯವನ್ನು ತಿರುಗಿಸುವದು ದೇವರಾತ್ಮನ ಕೆಲಸ. ಕೈಗೆ ಏನು ಸಿಕ್ಕಬೇಕು, ಏನು ಸಿಕ್ಕಬಾರದು ಎಂಬದನ್ನು ನೋಡಿಕೊಳ್ಳುವದು ನೆರೆಯವರ ಕೆಲಸ.

ನಿರಪರಾಧಿಗೆ ದಂಡವೇ ಎಂಬ ಪ್ರಶ್ನೆಗೆ ನಾವು ಮೋಶೆಯ ಧರ್ಮಶಾಸ್ತ್ರದಲ್ಲಿ ಉತ್ತರವನ್ನು ಹುಡುಕಿದೆವು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಮನೆ ಕಟ್ಟುವವನಿಗೆ ಒಂದು ವಿಧಿಯುಂಟು. ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತಾಪರಾಧವು ಮನೆಯ ಮೇಲೆ ಬರುವದು. ಧಾರವಾಡದ ಕಡೆಯ ಮಣ್ಣಿನ ಮಾಳಿಗೆಗಳ ಮೇಲೆ ಬೇಸಿಗೆಯಲ್ಲಿ ಮಲಗಿದವರಿಗೆ ಈ ವಿಧಿಯ ಬೆಲೆ ಚೆನ್ನಾಗಿ ಗೊತ್ತು. ಗೋಡೆ ಕಟ್ಟೆಂದು ಹೇಳಿದಾಗ, ನಾನು ಯಾರನ್ನು ನೂಕಿದೆನು ಎಂದು ಮನೆಯವನು ಸಿಟ್ಟಾಗುವದಿಲ್ಲ. ಅದು ಅವನ ಮೇಲಿನ ಆರೋಪವಲ್ಲ. ಕಲ್ಲುಮಣ್ಣಿನ ಖರ್ಚೂ ಕೂಲಿಯೂ ಅವನವೇ. ಆದರೆ ಅದು ದಂಡವಲ್ಲ. ಎತ್ತರದ ಮನೆಯುಳ್ಳವನು ಎತ್ತರಕ್ಕೆ ತಕ್ಕ ಹೊಣೆಯನ್ನು ಹೊರುತ್ತಾನೆ, ಅಷ್ಟೇ. ಕೋವಿಯುಳ್ಳವನಿಗೆ ಲೈಸನ್ಸು, ಲೆಕ್ಕ, ಬೀಗ, ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸುವದು, ಇವೆಲ್ಲಾ ಆ ಮೋಟುಗೋಡೆಯ ಕಲ್ಲುಗಳೆಂದು ನಮಗೆ ತೋರುತ್ತದೆ.

ಆದರೆ ಪೂರ್ಣ ನಿಷೇಧವು ಮೋಟುಗೋಡೆಯಲ್ಲವಲ್ಲಾ, ಅದು ಮಾಳಿಗೆಯನ್ನೇ ಕೆಡವಿದ ಹಾಗಲ್ಲವೋ ಎಂದು ಒಬ್ಬರು ಕೇಳಬಹುದು. ಈ ಮಾತಿನಲ್ಲಿ ಬಲವಿದೆ. ಬ್ರಿಟನಿನ ಪಿಸ್ತೂಲು ಕ್ರೀಡಾಳುಗಳು ಅಭ್ಯಾಸಕ್ಕಾಗಿ ಪರದೇಶಗಳಿಗೆ ಹೋಗಬೇಕಾಯಿತು. ಅವರ ನಷ್ಟವು ಸುಳ್ಳಲ್ಲ. ಇಲ್ಲಿ ನಮಗೆ ಅಪೊಸ್ತಲನಾದ ಪೌಲನೇ ದಿಕ್ಕು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅವನು, ಮಾಂಸ ತಿನ್ನುವ ಹಕ್ಕು ತನಗುಂಟೆಂದು ತಿಳಿದವನಾದರೂ, ಬಲಹೀನನಾದ ಸಹೋದರನು ಅದರಿಂದ ಬೀಳುವದಾದರೆ ತಾನು ಅದನ್ನು ಮುಟ್ಟುವದೇ ಇಲ್ಲವೆಂದು ಬರೆದಿದ್ದಾನೆ. ಹಕ್ಕಿಲ್ಲವೆಂದು ಬಿಟ್ಟದ್ದಲ್ಲ, ಹಕ್ಕಿದ್ದೂ ಬಿಟ್ಟದ್ದು. ಆದರೆ ಪೌಲನು ತನ್ನ ಹಕ್ಕನ್ನು ತಾನೇ ಬಿಟ್ಟನು, ಬೇರೊಬ್ಬನ ತಟ್ಟೆಯಿಂದ ಕಿತ್ತುಕೊಳ್ಳಲಿಲ್ಲ. ಸರಕಾರವು ಕಿತ್ತುಕೊಳ್ಳುತ್ತದೆ. ಇವೆರಡೂ ಒಂದೇ ಎಂದು ಹೇಳುವವರು ವೇದವನ್ನು ಅವಸರದಿಂದ ಓದುವವರು. ಮನಸ್ಸಿನಿಂದ ಬಿಡುವವನಿಗೆ ಕಾಯಿದೆಯು ಏನನ್ನೂ ಕಿತ್ತುಕೊಂಡ ಹಾಗಾಗುವದಿಲ್ಲ; ಮನಸ್ಸಿಲ್ಲದವನಿಂದ ಕಿತ್ತುಕೊಳ್ಳುವದಾದರೆ, ಹಾಗೆ ಕೇಳಿದವರು ಆ ನಷ್ಟದಲ್ಲಿ ಪಾಲನ್ನು ಹೊರಲೇಬೇಕು. ಬ್ರಿಟನಿನ ಪ್ರಜೆಗಳು ತಮ್ಮ ತೆರಿಗೆಯಿಂದ ಪರಿಹಾರ ಕೊಟ್ಟರೆಂಬದು ನಮಗೆ ಸಣ್ಣ ಸಂಗತಿಯಾಗಿ ಕಾಣುವದಿಲ್ಲ.

ಕಾಯಿದೆಯಾದ ಮೇಲೆ ಎಲ್ಲಾ ಸರಿಯಾಯಿತೋ? ಇಲ್ಲ. ಅಂಥ ಶಾಲಾಹತ್ಯೆ ಆ ದೇಶದಲ್ಲಿ ಮತ್ತೆ ನಡೆಯಲಿಲ್ಲವೆಂಬದು ನಿಜ. ಆದರೆ 2010ರಲ್ಲಿ ಕಂಬ್ರಿಯ ಎಂಬ ಸೀಮೆಯಲ್ಲಿ ಒಬ್ಬನು ಪರವಾನಗಿಯ ಬಂದೂಕುಗಳಿಂದಲೇ 12 ಮಂದಿಯನ್ನು ಕೊಂದನು. 2021ರಲ್ಲಿ ಪ್ಲಿಮತ್ ಪಟ್ಟಣದಲ್ಲಿ ಐದು ಮಂದಿ ಸತ್ತರು. ಕೊಂದವನ ಬಂದೂಕನ್ನು ಪೊಲೀಸರು ಒಮ್ಮೆ ತೆಗೆದುಕೊಂಡು, ಕೆಲವು ವಾರಗಳ ಹಿಂದಷ್ಟೇ ತಿರುಗಿ ಕೊಟ್ಟಿದ್ದರು. ಡನ್‌ಬ್ಲೇನಿನಲ್ಲಿಯೂ, ಆ ಮನುಷ್ಯನ ಪರವಾನಗಿಯನ್ನು ರದ್ದು ಮಾಡುವ ವಿಚಾರ ಮಾಡಬೇಕೆಂದು ಒಬ್ಬ ಪೊಲೀಸು ಅಧಿಕಾರಿಯು 1991ರಲ್ಲಿಯೇ ಮೇಲಿನವರಿಗೆ ಬರೆದಿದ್ದನು. ಆ ಬರಹವು ಕಾಗದವಾಗಿಯೇ ಉಳಿಯಿತು. ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವನ್ನು ಓದಿರಿ. ಎತ್ತು ಹಾಯುತ್ತದೆಂದು ಮೊದಲೇ ತಿಳಿಸಿದ್ದೂ ಒಡೆಯನು ಅದನ್ನು ಕಟ್ಟದೆ ಬಿಟ್ಟರೆ, ಆಗ ತೀರ್ಪು ಬೇರೆಯಾಗುತ್ತದೆ. ತಿಳಿಯದೆ ಇದ್ದವನಿಗೂ ತಿಳಿದು ಸುಮ್ಮನಿದ್ದವನಿಗೂ ನಡುವೆ ದೇವರು ಇಟ್ಟ ವ್ಯತ್ಯಾಸವು ಬಹಳ ದೊಡ್ಡದು.

ಇದನ್ನೆಲ್ಲಾ ಓದಿ, ಇದು ದೊರೆಗಳ ದೇಶದ ವಿಷಯ, ನಮಗೇನು ಎನ್ನಬೇಡಿರಿ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇಂಗ್ಲಿಷರ ಕಾಲದಿಂದ ಬಂದಿದೆ; ಭಾರತ ಸರಕಾರವು 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರ ವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯ ನಳಿಗೆಗೆ ತೋಕ್ ಪೂ ಎಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸುತ್ತಾರೆ. ಆಯುಧಪೂಜೆಯಲ್ಲಿ ನಮಗೆ ಪಾಲಿಲ್ಲ. ಆದರೆ ಆಯುಧವನ್ನು ಮನೆತನದ ಮರ್ಯಾದೆಯೆಂದು ತಿಳಿದು, ಅದಕ್ಕೆ ಕುಂದು ಬಾರದಂತೆ ನಡೆಯಬೇಕೆನ್ನುವ ಅವರ ಕಟ್ಟುಪಾಡನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಕಟ್ಟುಪಾಡು ಬಲವಾಗಿರುವಲ್ಲಿ ಮೋಟುಗೋಡೆಯು ಕಣ್ಣಿಗೆ ಕಾಣದೆ ನಿಂತಿರುತ್ತದೆ. ಅದು ಸಡಿಲವಾದಲ್ಲಿ ಏನಾಗುವದೆಂಬದು ಮಲೆನಾಡಿನ ಓದುಗರಿಗೆ ತಿಳಿಯದ್ದಲ್ಲ. ಹಂದಿಯೆಂದು ಹೊಡೆದ ಗುಂಡು ಜೊತೆಗಾರನಿಗೆ ತಾಗಿದ್ದೂ, ಕುಡಿದವನ ಕೈಗೆ ಅಣ್ಣನ ಕೋವಿ ಸಿಕ್ಕಿದ್ದೂ ಅವರು ಕೇಳಿದ ಸುದ್ದಿಗಳೇ.

ಕೆಲವು ದಿನಗಳ ಮೇಲೆ ನಾವು ಆ ಸಹೋದರರ ಮನೆಗೆ ಹೋಗಿ ಇದನ್ನೆಲ್ಲಾ ಹೇಳಿದೆವು. ಮೋಟುಗೋಡೆಯ ಮಾತನ್ನು ಅವರು ಒಪ್ಪಿದರು, ಆದರೂ, "ನನ್ನ ಗೆಣಸಿಗೆ ಯಾರು ಪರಿಹಾರ ಕೊಡುತ್ತಾರೆ?" ಎಂದರು. ಆ ಕೇಳಿಕೆ ನ್ಯಾಯವಾದದ್ದೇ. ಗೋಡೆಯಲ್ಲಿ ಕೋವಿ ತೂಗುಹಾಕುವ ಎರಡು ಮೊಳೆಗಳು ಬರಿದಾಗಿದ್ದವು, ಕೆಳಗೆ ಒಂದು ಚಾಪೆ ಸುತ್ತಿ ಇಟ್ಟಿತ್ತು. ಅಲ್ಲಿ ಯಾರು ಮಲಗುತ್ತಾರೆಂದು ಕೇಳಿದೆವು. ತಮ್ಮನ ಮಗನು ಎಂದರು. ಆ ಹುಡುಗನ ಕುಡಿತವೂ, ಕುಡಿದ ರಾತ್ರಿಗಳಲ್ಲಿ ಹೆಂಡತಿಯ ಮೇಲೆ ಅವನು ಏರಿ ಹೋಗುವದೂ ಊರಿಗೆಲ್ಲಾ ಗೊತ್ತು. ನಮಗೂ ಗೊತ್ತಿತ್ತು, ಮತ್ತು ನಾವು ಎರಡು ವರುಷಗಳಿಂದ ಆ ಮನೆಯಲ್ಲಿ ಪ್ರಾರ್ಥನೆ ನಡಿಸುತ್ತಾ ಆ ಮೊಳೆಗಳ ಕೆಳಗೇ ಕೂತಿದ್ದೆವು. ಒಂದು ದಿನವೂ ಕೇಳಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಾವೂ ಹೆಚ್ಚು ಮಾತಾಡಲಿಲ್ಲ.

ಚುನಾವಣೆ ಮುಗಿದು ತಿಂಗಳುಗಳಾದವು. ಕೋವಿ ಇನ್ನೂ ಠಾಣೆಯಲ್ಲಿಯೇ ಇದೆ. ಹುಡುಗನು ಕುಡಿತ ಬಿಟ್ಟರೆ ತರುವೆನೆಂದು ಅವರು ಹೇಳುತ್ತಾರೆ. ಹಂದಿಗಳು ಮಾತ್ರ ಬರುವದನ್ನು ಬಿಟ್ಟಿಲ್ಲ. ಈಗ ಭತ್ತ ಹಾಲುಗಟ್ಟುವ ಕಾಲವಾದದ್ದರಿಂದ ಸಭೆಯ ಯೌವನಸ್ಥರು ಇಬ್ಬಿಬ್ಬರಂತೆ ಸರದಿ ಹಾಕಿಕೊಂಡು, ತಗಡಿನ ಡಬ್ಬ ಬಡಿಯುತ್ತಾ ಅವರ ಗದ್ದೆಯ ಅಟ್ಟಳೆಯಲ್ಲಿ ರಾತ್ರಿ ಕಾವಲಿರುತ್ತಾರೆ. ಬುಧವಾರದ ಸರದಿ ನಮ್ಮದು.