ಸೂರು ಯಾವುದಕ್ಕೆ?

2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿತು. ತೆನೆಯಲ್ಲೇ ಕಾಳು ಮೊಳಕೆಯೊಡೆಯಿತು. ಅದೇ ಸೀಮೆಯಲ್ಲಿ ಪಾಲಿಹೌಸುಗಳೂ ಇವೆ. ಅವುಗಳೊಳಗೆ ಕ್ಯಾಪ್ಸಿಕಂ, ಜರ್ಬೆರಾ ಮಳೆಯ ಹಂಗಿಲ್ಲದೆ ಬೆಳೆಯುತ್ತವೆ. ಹೂವಿಗೆ ಸೂರು ಕಟ್ಟಬಲ್ಲ ನಾವು ಅನ್ನಕ್ಕೆ ಯಾಕೆ ಕಟ್ಟಲಾರೆವು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಕಟ್ಟಿದರೆ ಏನಾದೀತು ಎಂದು ಲೆಕ್ಕ ಹಾಕಿದವರಿದ್ದಾರೆ. ಕೃತಕ ಬೆಳಕಿನಲ್ಲಿ ಹತ್ತು ಅಂತಸ್ತಿನಲ್ಲಿ ಗೋಧಿ ಬೆಳೆದರೆ ಹೆಕ್ಟೇರಿಗೆ ವರ್ಷಕ್ಕೆ 700 ಟನ್ ಬಂದೀತು ಎಂದಿತು 2020ರ ಒಂದು ಅಧ್ಯಯನ. ಬಯಲಿನಲ್ಲಿ ಜಗತ್ತಿನ ಸರಾಸರಿ 3.2 ಟನ್. ಆದರೆ ದೀಪದ ಖರ್ಚನ್ನು ಗೋಧಿಯ ಬೆಲೆ ತಾಳಲಾರದು ಎಂದೂ ಅದೇ ಅಧ್ಯಯನ ಹೇಳಿತು.

ಕಾರಣ ಕಾಳಿನೊಳಗೇ ಇದೆ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಒಣಗಿದ ರಾಗಿಯಲ್ಲಿ ಹನ್ನೆರಡರ ಆಸುಪಾಸು. ಮಿಕ್ಕಿದ್ದರಲ್ಲಿ ಬಹುಪಾಲು ಎಲೆ ಬಿಸಿಲು ಕುಡಿದು ಕಟ್ಟಿದ ಹಿಟ್ಟು. ಹೊಟ್ಟೆ ತುಂಬಿಸುವ ಬೆಳೆಗೆ ಬಿಸಿಲು ಎಕರೆಗಟ್ಟಲೆ ಬೇಕು, ಬಿಟ್ಟಿಯಾಗಿಯೇ ಬೇಕು. ದೀಪ ಬೇಡ, ಬರೀ ಪ್ಲಾಸ್ಟಿಕ್ ಹಾಳೆ ಹೊದಿಸೋಣವೆಂದರೂ ಕ್ವಿಂಟಲಿಗೆ ನಾಲ್ಕೈದು ಸಾವಿರದ ರಾಗಿ ಅದಕ್ಕೆ ಮಾಡಿದ ಸಾಲ ತೀರಿಸುವುದಿಲ್ಲ.

ಧಾನ್ಯಕ್ಕೆ ಹಸಿರುಮನೆಯಿಂದ ಉಪಯೋಗವೇ ಇಲ್ಲವೆನ್ನಲಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಗೋಧಿಯ ಆರು ತಲೆಮಾರನ್ನು ಒಂದೇ ವರ್ಷದಲ್ಲಿ ಬೆಳೆಸಿದ್ದಾರೆ. ಹೊಸ ತಳಿ ಬೇಗ ಕೈಗೆ ಸಿಗಲು ಇದು ದೊಡ್ಡ ನೆರವು. ಆ ಬೀಜವೂ ಕಡೆಗೆ ಹೊಲಕ್ಕೇ ಇಳಿಯಬೇಕು.

ಹೊಲವೆಂದರೆ ಒಬ್ಬನ ಸ್ವತ್ತಾದರೂ ಅದರಲ್ಲಿ ಉಣ್ಣುವವರು ಹಲವರು. ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ, ತೆನೆಗೆ ಗುಬ್ಬಿ ಬರುತ್ತದೆ, ಹುಲ್ಲು ದನಕ್ಕಾಗುತ್ತದೆ, ಕಾಳು ಪೇಟೆಯ ನಮಗೆ ಬರುತ್ತದೆ. ಇಷ್ಟೆಲ್ಲ ಇದ್ದೂ ಮಳೆ ಕೈಕೊಟ್ಟಾಗ ನಷ್ಟವೆಲ್ಲ ಬಿತ್ತಿದವನ ತಲೆಗೇ ಬೀಳುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕೊಯ್ದು ಹರಡಿದ ಬೆಳೆ ನೆನೆದರೆ ವಿಮೆಯಲ್ಲಿ ಪರಿಹಾರಕ್ಕೆ ದಾರಿಯಿದೆ, ಆದರೆ 72 ಗಂಟೆಯೊಳಗೆ ತಿಳಿಸಬೇಕು. ಕರೆಂಟು ಹೋಗಿ, ಮೊಬೈಲ್ ಸತ್ತು, ಮೆದೆಗೆ ಟಾರ್ಪಾಲು ಎಳೆಯುತ್ತ ಓಡಾಡುವವನಿಗೆ ಆ ಮೂರು ದಿನ ಎಲ್ಲಿಯದು?

ರಾಗಿಗೆ ಸೂರು ಬೇಕಿರುವುದು ಬೆಳೆಯುವ ನಾಲ್ಕು ತಿಂಗಳಲ್ಲ, ಕೊಯ್ದ ಮೇಲಿನ ಕೆಲವೇ ದಿನ. ಪಾಲಿಹೌಸಿಗೆ ಸಹಾಯಧನ ಕೊಡುವ ಸರ್ಕಾರ ಊರಿಗೊಂದು ಚಾವಣಿ ಇರುವ ಕಣವನ್ನೂ ಕಾಳು ಒಣಗಿಸುವ ಯಂತ್ರವನ್ನೂ ಕೊಡಬಹುದು. ಅದಕ್ಕಾಗುವ ತೆರಿಗೆಯಲ್ಲಿ ನನ್ನ ಪಾಲು ಕೊಡಲು ನಾನು ಸಿದ್ಧನಿದ್ದೇನೆ.